ಒಂದೇ ನಿರ್ಧಾರದ ಕಟ್ಟಡ

ಕಟ್ಟಿ ನಿಂತ ಕಟ್ಟಡಗಳಷ್ಟೇ ಇಷ್ಟಪಟ್ಟು ನಾನು ನೋಡುವುದು ಇನ್ನೂ ಕಟ್ಟದ ಕಟ್ಟಡಗಳ ನಕ್ಷೆಗಳನ್ನು. ಅದರಲ್ಲೂ ಆರ್ಕಿಟೆಕ್ಚರ್ ಓದುತ್ತಿರುವವರ ಶೀಟುಗಳನ್ನು. ಅಲ್ಲಿ ದುಡ್ಡು ಹಾಕುವ ಮಾಲೀಕರಿಲ್ಲ, ಕಂಟ್ರಾಕ್ಟರ್ ಇಲ್ಲ, ಸಿಮೆಂಟಿನ ರೇಟಿನ ಚಿಂತೆಯಿಲ್ಲ. ಉಳಿಯುವುದು ಯೋಚನೆಯೊಂದೇ. ಅದು ಗಟ್ಟಿಯೋ ಜೊಳ್ಳೋ ಎಂಬುದು ಹಾಳೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ ತಿಳಿದುಹೋಗುತ್ತದೆ.

ಇಂಥ ವಿದ್ಯಾರ್ಥಿ ವಿನ್ಯಾಸಗಳಲ್ಲಿ ನಾನು ಮತ್ತೆ ಮತ್ತೆ ತೆಗೆದು ನೋಡುವುದು ಮಾಯಾ ಲಿನ್ ಅವರದ್ದು. 1980ರ ಕೊನೆಯಲ್ಲಿ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಓದುತ್ತಿದ್ದರು. ಸಮಾಧಿ, ಸ್ಮಾರಕಗಳ ವಾಸ್ತುಶಿಲ್ಪದ ಬಗ್ಗೆ ಒಂದು ತರಗತಿ ನಡೆಯುತ್ತಿತ್ತು. ವಿಯೆಟ್ನಾಂ ಯುದ್ಧದಲ್ಲಿ ಮಡಿದ ಅಮೆರಿಕದ ಯೋಧರಿಗೆ ವಾಷಿಂಗ್ಟನ್‌ನಲ್ಲಿ ಸ್ಮಾರಕ ಕಟ್ಟಲು ಸ್ಪರ್ಧೆ ಕರೆದಿದ್ದರು. ತರಗತಿಯವರು ಅದನ್ನೇ ಅಭ್ಯಾಸವಾಗಿ ತೆಗೆದುಕೊಂಡರು. ಲಿನ್ ಅವರ ವಿನ್ಯಾಸಕ್ಕೆ ತರಗತಿಯಲ್ಲಿ ಸಿಕ್ಕಿದ್ದು ಬಿ ಗ್ರೇಡ್. ಸ್ಪರ್ಧೆಗೆ ಬಂದದ್ದು 1,421 ವಿನ್ಯಾಸಗಳು. ಹಾಳೆಯ ಮೇಲೆ ಹೆಸರು ಬರೆಯುವಂತಿರಲಿಲ್ಲ, ಸಂಖ್ಯೆ ಮಾತ್ರ. 1981ರ ಮೇ ತಿಂಗಳಲ್ಲಿ 1026ನೇ ಸಂಖ್ಯೆ ಗೆದ್ದಾಗ ಅದರ ಹಿಂದಿದ್ದವರು 21 ವರ್ಷದ ವಿದ್ಯಾರ್ಥಿನಿ ಎಂದು ಎಲ್ಲರಿಗೂ ತಿಳಿಯಿತು.

ಆ ಹಾಳೆ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದರ ಚಿತ್ರವನ್ನು ಮೊದಲ ಸಲ ನೋಡುವವರಿಗೆ ನಿರಾಶೆಯೇ ಆದೀತು. ನೀಲಿ, ಹಸಿರು ಪೇಸ್ಟಲ್ ಬಣ್ಣ ಮೆತ್ತಗೆ ಉಜ್ಜಿದ ನೆಲ, ಅದರೊಳಗೆ ಒಂದು ಕಪ್ಪು ಆಕಾರ. ಅಷ್ಟೇ. ಕುಶಲ ಡ್ರಾಫ್ಟಿಂಗ್ ಹುಡುಕಿದರೆ ಸಿಗುವುದಿಲ್ಲ. ಜೊತೆಯಲ್ಲಿ ಕೈಯಿಂದ ಬರೆದ ವಿವರಣೆಯಿದೆ. ನಡೆದುಬರುವವರಿಗೆ ಗೋಡೆ ಹೇಗೆ ಕಾಣುತ್ತಾ ಹೋಗುತ್ತದೆ, ಎಲ್ಲಿ ಇಳಿಯುತ್ತೀರಿ, ಹೆಸರುಗಳು ಯಾವಾಗ ಕಣ್ಣಿಗೆ ಬೀಳುತ್ತವೆ ಎಂದು ಅದು ಸಾವಧಾನವಾಗಿ ಹೇಳುತ್ತದೆ. ನನ್ನ ಮಟ್ಟಿಗೆ ಅರ್ಧ ಕಟ್ಟಡ ಇರುವುದು ಆ ಬರಹದಲ್ಲೇ.

ಇಡೀ ವಿನ್ಯಾಸದಲ್ಲಿರುವುದು ಒಂದೇ ನಿರ್ಧಾರ: ನೆಲದ ಮೇಲೆ ಏನನ್ನೂ ಎಬ್ಬಿಸಬಾರದು, ನೆಲವನ್ನೇ ಸೀಳಬೇಕು. ಮಿಕ್ಕಿದ್ದೆಲ್ಲ ಅದನ್ನು ಹಿಂಬಾಲಿಸಿ ಬಂತು. ಎರಡು ಗೋಡೆಗಳು, ಒಂದೊಂದೂ ಸುಮಾರು 247 ಅಡಿ ಉದ್ದ. ತುದಿಯಲ್ಲಿ ಸುಮಾರು ಒಂದು ಗೇಣಷ್ಟೇ ಎತ್ತರವಿದ್ದದ್ದು ನಡುವೆ ಎರಡೂ ಕೂಡುವಲ್ಲಿ ಹತ್ತು ಅಡಿ ದಾಟುತ್ತದೆ. ಒಂದು ತುದಿ ವಾಷಿಂಗ್ಟನ್ ಸ್ತಂಭದ ಕಡೆ, ಇನ್ನೊಂದು ಲಿಂಕನ್ ಸ್ಮಾರಕದ ಕಡೆ ಮುಖ ಮಾಡಿದೆ. ಹೆಸರುಗಳು ಅಕ್ಷರಕ್ರಮದಲ್ಲಿಲ್ಲ, ಸಾವಿಗೀಡಾದ ದಿನಾಂಕದ ಕ್ರಮದಲ್ಲಿವೆ. 1959ರಿಂದ ಶುರುವಾಗುವ ಹೆಸರುಗಳು ನಡುಮೂಲೆಯಿಂದ ಬಲಕ್ಕೆ ಹೊರಟು, ಎಡ ತುದಿಯಿಂದ ಮತ್ತೆ ಮುಂದುವರಿದು, 1975ಕ್ಕೆ ಅದೇ ನಡುಮೂಲೆಗೆ ಬಂದು ಸೇರುತ್ತವೆ. ಮೊದಲು ಹೋದವರೂ ಕೊನೆಗೆ ಹೋದವರೂ ಅಕ್ಕಪಕ್ಕ. ಅಕ್ಷರಕ್ರಮವೇ ಬೇಕೆಂದು ಹಟ ಹಿಡಿದವರಿದ್ದರು. ಸ್ಮಿತ್ ಎಂಬ ಹೆಸರಿನವರೇ ಆರುನೂರಕ್ಕೂ ಹೆಚ್ಚಿದ್ದರು. ಆ ಸಾಲಿನಲ್ಲಿ ಒಬ್ಬ ತಾಯಿ ತನ್ನ ಮಗನನ್ನು ಗುರುತಿಸುವುದು ಹೇಗೆ?

ಅಕ್ಷರಗಳ ಎತ್ತರ ಅರ್ಧ ಇಂಚಿಗಿಂತ ಕೊಂಚ ಹೆಚ್ಚು, ಅಷ್ಟೇ. ಇಂಥ ಭಾರಿ ಸ್ಮಾರಕಕ್ಕೆ ಇಷ್ಟು ಸಣ್ಣ ಅಕ್ಷರವನ್ನು ಯಾರೂ ಆರಿಸುತ್ತಿರಲಿಲ್ಲ. ಆದರೆ ಓದಬೇಕೆಂದರೆ ಹತ್ತಿರ ಹೋಗಲೇಬೇಕು. ಹತ್ತಿರ ಹೋದರೆ ಪಾಲಿಶ್ ಆದ ಕಪ್ಪು ಕಲ್ಲಿನಲ್ಲಿ ನಿಮ್ಮ ಮುಖ ಆ ಹೆಸರುಗಳ ಹಿಂದೆ ಮೂಡುತ್ತದೆ. ಆ ಕಲ್ಲು ನಮ್ಮದು. ಬೆಂಗಳೂರಿನ ಕಡೆಯಿಂದ ಹಡಗೇರಿ ಹೋದ ಬ್ಲ್ಯಾಕ್ ಗ್ರಾನೈಟ್ ಅದು. ವರ್ಮಾಂಟ್ ರಾಜ್ಯದ ಬ್ಯಾರಿ ಊರಿನಲ್ಲಿ ಅದನ್ನು ಕೊಯ್ದು ನಯಗೊಳಿಸಿದರು, ಮೆಂಫಿಸ್‌ನಲ್ಲಿ ಹೆಸರು ಕೆತ್ತಿದರು. ಕನ್ನಡ ನಾಡಿನ ಕಲ್ಲು ಅಷ್ಟು ದೂರದಲ್ಲಿ ಅಷ್ಟು ಜನರ ದುಃಖವನ್ನು ಹೊತ್ತು ನಿಂತಿದೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ಕಪ್ಪು ಬಣ್ಣ ಅವಮಾನದ ಗುರುತು, ನೆಲದೊಳಗಿರುವುದು ಸೋಲಿನ ಗುರುತು ಎಂದು ದೊಡ್ಡ ಗಲಾಟೆಯೇ ಆಯಿತು. ರಾಜಿಯಾಗಿ 1984ರಲ್ಲಿ ಮೂವರು ಯೋಧರ ಕಂಚಿನ ಪ್ರತಿಮೆಯೊಂದನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿದರು. ಗೋಡೆ ಮಾತ್ರ 1982ರ ನವೆಂಬರ್‌ನಲ್ಲಿ, ವಿದ್ಯಾರ್ಥಿನಿ ಯೋಚಿಸಿದಂತೆಯೇ ಎದ್ದಿತ್ತು. ಒಂದೇ ನಿರ್ಧಾರದ ವಿನ್ಯಾಸವನ್ನು ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿ ಕೆಡಿಸುವುದು ಸುಲಭವಲ್ಲ.

ನಮ್ಮ ವಿದ್ಯಾರ್ಥಿಗಳ ಶೀಟುಗಳಲ್ಲಿ ನನಗೆ ಬೇಸರ ತರಿಸುವುದು ಇಂಥ ಒಂದು ನಿರ್ಧಾರದ ಕೊರತೆಯೇ. ಕಾನ್ಸೆಪ್ಟ್ ಎಂದರೆ ಕಮಲ, ಚಿಟ್ಟೆ, ನವಿಲಿನ ಗರಿ ಎಂದಾಗಿಬಿಟ್ಟಿದೆ. ಆಕಾರವೊಂದನ್ನು ತಂದು ಪ್ಲಾನಿನ ಮೇಲಿಟ್ಟು, ಸಂಜೆಗೆಂಪಿನ ಆಕಾಶವಿಟ್ಟು ರೆಂಡರ್ ತೆಗೆದರೆ ಜ್ಯೂರಿಗೆ ತಯಾರು. ಒಳಗೆ ಕಾಲಿಟ್ಟವರಿಗೆ ಆ ಕಮಲ ಕಾಣುವುದೇ ಇಲ್ಲ, ಅದು ಕಾಣುವುದು ಮೇಲೆ ಹಾರುವ ಹಕ್ಕಿಗೆ. ಕಟ್ಟಡವನ್ನು ನೆಟ್ಟಗೆ ಸೀಳಿದಂತೆ ತೋರಿಸುವ ನಕ್ಷೆ, ಅಂದರೆ ಸೆಕ್ಷನ್, ಮೂಲೆಯಲ್ಲಿ ಅಂಗೈಯಗಲ ಜಾಗ ಹಿಡಿದು ಕೂತಿರುತ್ತದೆ. ಕೈಯಲ್ಲಿ ಕಸುವಿರುವ ಮಕ್ಕಳೂ ಹೀಗೆ ಮಾಡುವುದನ್ನು ಕಂಡಾಗ ಸಂಕಟವಾಗುತ್ತದೆ. ಲಿನ್ ಅವರ ಗೋಡೆ ಹುಟ್ಟಿದ್ದೇ ಸೆಕ್ಷನ್‌ನಲ್ಲಿ: ನೆಲ ಎಷ್ಟು ಇಳಿಯಬೇಕು, ಮನುಷ್ಯನ ಕಣ್ಣು ಎಲ್ಲಿರುತ್ತದೆ ಎಂಬುದರಲ್ಲಿ.

ನಿಮ್ಮೂರಿನ ಆರ್ಕಿಟೆಕ್ಚರ್ ಕಾಲೇಜಿನವರು ಕೊನೆಯ ವರ್ಷದ ತೀಸಿಸ್ ಪ್ರದರ್ಶನ ಇಟ್ಟರೆ ದಯವಿಟ್ಟು ಹೋಗಿ. ಬಣ್ಣದ ವ್ಯೂಗಳನ್ನು ಆಮೇಲೆ ನೋಡಿದರಾಯಿತು, ಮೊದಲು ಸೆಕ್ಷನ್ ಹುಡುಕಿ. ಮಾಡಿದ ಹುಡುಗಿಯೋ ಹುಡುಗನೋ ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾರೆ. ಬಾಗಿಲಿನಿಂದ ಒಳಗೆ ಬಂದವರಿಗೆ ಮೊದಲು ಏನು ಕಾಣುತ್ತದೆ, ಆಮೇಲೆ ಏನು ಕಾಣುತ್ತದೆ ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.