ಯಿಶಿಂಗ್ ಚಹಾಗಿಂಡಿ: ರಸಿಕರಿಗೊಂದು ಕೈಪಿಡಿ

ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ, ತಾಯ್‌ಹು ಸರೋವರದ ಪಡುವಣಕ್ಕಿರುವ ಯಿಶಿಂಗ್ ಸೀಮೆಯ ಕುಶಲಕರ್ಮಿಗಳು ಐದು ಶತಮಾನಗಳಿಂದ ಮಾಡುತ್ತ ಬಂದಿರುವ ಮಣ್ಣಿನ ಚಹಾಗಿಂಡಿಗೆ ಬಣ್ಣದ ಚಿತ್ತಾರವಿಲ್ಲ, ಗಾಜಿನಂಥ ಮೆರುಗುಲೇಪವಿಲ್ಲ, ಚಿನ್ನದ ಅಂಚೂ ಇಲ್ಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಕಂದು ಅಥವಾ ಇಟ್ಟಿಗೆಗೆಂಪು ಬಣ್ಣದ ಈ ಪಾತ್ರೆಯನ್ನು ಮೊದಲ ಸಲ ನೋಡಿದವರಿಗೆ, ವಿದ್ವಾಂಸರು ಇದರ ಬಗ್ಗೆ ಗ್ರಂಥಗಳನ್ನು ಬರೆದದ್ದೇಕೆ, ಸಂಗ್ರಾಹಕರು ಒಂದೊಂದು ಗಿಂಡಿಗೆ ಅಪಾರ ಹಣ ತೆತ್ತದ್ದೇಕೆ ಎಂಬುದು ಕೂಡಲೇ ಹೊಳೆಯುವುದಿಲ್ಲ. ಇದರ ಸೊಗಸೆಲ್ಲ ರೇಖೆ, ಮೈಯ ಹದ ಮತ್ತು ನೀರು ಸುರಿಯುವ ರೀತಿ ಎಂಬ ಮೂರರಲ್ಲಿ ಅಡಗಿದ್ದು, ಇವನ್ನು ಅರಿಯಲು ಕಣ್ಣು ಪಳಗಿದಷ್ಟೇ ಕೈಯೂ ಪಳಗಬೇಕಾಗುತ್ತದೆ.

ಈ ಗಿಂಡಿಯ ಹುಟ್ಟಿಗೆ ಚಹಾ ಕುಡಿಯುವ ಪದ್ಧತಿಯಲ್ಲಾದ ದೊಡ್ಡದೊಂದು ಬದಲಾವಣೆ ಕಾರಣ. ತಾಂಗ್ ಮತ್ತು ಸೋಂಗ್ ರಾಜವಂಶಗಳ ಕಾಲದಲ್ಲಿ ಚಹಾ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಬಿಲ್ಲೆಗಳಾಗಿ ಒತ್ತಿಟ್ಟು, ಬೇಕಾದಾಗ ಪುಡಿಮಾಡಿ ಕುದಿಸುವ ಇಲ್ಲವೆ ಬಟ್ಟಲಲ್ಲೇ ಕಡೆಯುವ ವಾಡಿಕೆಯಿತ್ತು. ಮಿಂಗ್ ವಂಶದ ಸ್ಥಾಪಕನಾದ ಹೊಂಗ್‌ವು ಚಕ್ರವರ್ತಿಯು 1391ರಲ್ಲಿ, ಅರಮನೆಗೆ ಕಪ್ಪವಾಗಿ ಸಲ್ಲುತ್ತಿದ್ದ ಬಿಲ್ಲೆಚಹಾವನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಕಳುಹಿಸಬೇಕೆಂದು ಆಜ್ಞಾಪಿಸಿದ ಮೇಲೆ, ಇಡೀ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಸಾರ ಇಳಿಸುವ ಕ್ರಮ ಬೇರೂರಿ, ಅದಕ್ಕೆ ತಕ್ಕ ಪಾತ್ರೆ ಬೇಕಾಯಿತು. ಚಹಾಕ್ಕೂ ಕುಂಬಾರಿಕೆಗೂ ಮೊದಲೇ ಹೆಸರಾಗಿದ್ದ ಯಿಶಿಂಗ್ ಅದನ್ನು ಒದಗಿಸಿತು. ಮಿಂಗ್ ಕಾಲದ ಕೊನೆಯಲ್ಲಿ ಝೋ ಗಾವ್‌ಚಿ ಎಂಬ ವಿದ್ವಾಂಸ ಈ ಗಿಂಡಿಗಳ ಬಗ್ಗೆ ಬರೆದ ಗ್ರಂಥವು ಕಲೆಯ ಆರಂಭವನ್ನು ಜಿನ್‌ಶಾ ದೇಗುಲದ ಒಬ್ಬ ಭಿಕ್ಷುವಿಗೂ, ಆ ಭಿಕ್ಷುವಿನ ಕೈಚಳಕವನ್ನು ಮರೆಯಲ್ಲಿ ನಿಂತು ಕಲಿತ ಗೋಂಗ್ ಚುನ್ ಎಂಬ ಸೇವಕನಿಗೂ ಸಲ್ಲಿಸುತ್ತದೆ. ಈ ಕಥೆ ಸೊಗಸಾಗಿದ್ದರೂ ಅದನ್ನು ಐತಿಹ್ಯವೆಂದೇ ಓದುವುದು ಕ್ಷೇಮ. ಕಾಲ ಖಚಿತವಾಗಿರುವ ಅತಿ ಹಳೆಯ ಗಿಂಡಿಯು 1533ರಲ್ಲಿ ಮಣ್ಣಾದ ವು ಜಿಂಗ್ ಎಂಬ ಅಂತಃಪುರದ ಅಧಿಕಾರಿಯ ಗೋರಿಯಲ್ಲಿ, ನಾನ್‌ಜಿಂಗ್ ಬಳಿ ದೊರೆತಿದೆ. ಅದು ಮೇಲೆ ಕಮಾನಿನಂತೆ ಬಾಗಿದ ಹಿಡಿಯುಳ್ಳ ದೊಡ್ಡ ಪಾತ್ರೆ. ಚಿಕ್ಕ ಗಿಂಡಿಯಲ್ಲಿ ಪರಿಮಳ ಚದುರದೆ ನಿಲ್ಲುತ್ತದೆಂಬ ಸಾಹಿತಿಗಳ ಅಭಿರುಚಿಗೆ ಒಪ್ಪಿ ಅದರ ಗಾತ್ರವನ್ನು ಕಿರಿದು ಮಾಡಿದ ಕೀರ್ತಿ, ಮಿಂಗ್ ಕಾಲದ ಕೊನೆಯಲ್ಲಿದ್ದ ಶಿ ದಾಬಿನ್ ಎಂಬ ಮಹಾಶಿಲ್ಪಿಗೆ ಸಲ್ಲುತ್ತದೆ.

ಗಿಂಡಿಯ ಮಣ್ಣನ್ನು ಚೀನೀಯರು ಜಿಶಾ, ಅಂದರೆ ನೇರಳೆ ಮರಳು, ಎಂದು ಕರೆಯುತ್ತಾರೆ. ಇದು ಗದ್ದೆಯ ಜೇಡಿಯಂತೆ ಮೆತ್ತಗೆ ಸಿಗುವ ವಸ್ತುವಾಗಿರದೆ, ಡಿಂಗ್‌ಶು ಪಟ್ಟಣದ ಹ್ವಾಂಗ್‌ಲೋಂಗ್ ಬೆಟ್ಟದಂಥ ಕಡೆ ನೆಲದಾಳದಿಂದ ಕಲ್ಲಾಗಿಯೇ ಹೊರಬರುತ್ತದೆ. ಆ ಕಲ್ಲನ್ನು ಬಿಸಿಲು ಮಳೆಗೆ ಬಹುಕಾಲ ಒಡ್ಡಿ, ಪುಡಿಯಾದದ್ದನ್ನು ಬೀಸಿ, ಜರಡಿ ಹಿಡಿದು, ನೀರು ಸೇರಿಸಿ ಬಡಿದು, ಮತ್ತೆ ಹದಕ್ಕೆ ಬರುವವರೆಗೆ ತಂಪಿನಲ್ಲಿ ಮುಚ್ಚಿಡುತ್ತಾರೆ. ಬೆಣಚುಕಲ್ಲು, ಕೇಯೋಲಿನ್, ಅಭ್ರಕ ಮತ್ತು ಕಬ್ಬಿಣದ ಆಕ್ಸೈಡ್ ಸಹಜವಾಗಿ ಬೆರೆತಿರುವ ಈ ಮಣ್ಣು ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲ್ಲಿನಷ್ಟು ಗಟ್ಟಿಯಾಗುತ್ತದೆಯಾದರೂ ಒಳಗೆ ಸೂಕ್ಷ್ಮ ರಂಧ್ರಗಳನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ನೀರು ಸೋರದಿದ್ದರೂ ಪಾತ್ರೆಯ ಮೈ ಚಹಾದ ಸಾರವನ್ನು ಅಷ್ಟಿಷ್ಟು ಹೀರುತ್ತದೆ. ಮುಖ್ಯ ಬಗೆಗಳಲ್ಲಿ ಜಿನಿ ಸುಟ್ಟಾಗ ನೇರಳೆಗಂದು ಬಣ್ಣಕ್ಕೆ ಬರುತ್ತದೆ, ಹೊಂಗ್‌ನಿ ಕೆಂಪಾಗುತ್ತದೆ, ಡ್ವಾನ್‌ನಿ ತೆಳುಹಳದಿಗೆ ತಿರುಗುತ್ತದೆ. ಜೂನಿ ಎಂಬ ಕಡುಗೆಂಪು ಮಣ್ಣು ಒಣಗುವಾಗಲೂ ಸುಡುವಾಗಲೂ ಬಹಳ ಕುಗ್ಗುವುದರಿಂದ ಅದರಲ್ಲಿ ಸಾಮಾನ್ಯವಾಗಿ ಚಿಕ್ಕ ಗಿಂಡಿಗಳನ್ನಷ್ಟೇ ಮಾಡುತ್ತಾರೆ, ಮತ್ತು ಮೈಮೇಲೆ ಕಾಣುವ ಸಣ್ಣ ಸುಕ್ಕುಗಳನ್ನು ಬಲ್ಲವರು ದೋಷವೆಂದು ಎಣಿಸುವುದಿಲ್ಲ. ಮಾರುಕಟ್ಟೆಯಲ್ಲಿ ಮಣ್ಣಿನ ಬಗ್ಗೆ ಹೇಳುವ ಕಥೆಗಳಿಗೆ ಕೊನೆಯೇ ಇಲ್ಲ. ಹೊಸಬರು ಅವುಗಳಿಗೆ ಹೆಚ್ಚು ಕಿವಿಗೊಡದೆ ಕೆಲಸದತ್ತ ಗಮನವಿಡುವುದು ಒಳಿತು.

ಕೆಲಸವನ್ನು ತಿಳಿಯದೆ ಗಿಂಡಿಯನ್ನು ನೋಡುವುದು ಹೇಗೆಂದು ತಿಳಿಯದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಯಿಶಿಂಗ್‌ನ ಸಂಪ್ರದಾಯದಲ್ಲಿ ಗಿಂಡಿಯನ್ನು ತಿಗರಿಯ ಮೇಲೆ ತಿರುಗಿಸಿ ಎತ್ತುವುದಿಲ್ಲ. ಕುಶಲಕರ್ಮಿಯು ಮಣ್ಣಿನ ಉಂಡೆಯನ್ನು ಮರದ ಕೊಡತಿಯಿಂದ ಬಡಿದು ಕೆಲವೇ ಮಿಲಿಮೀಟರ್ ದಪ್ಪದ ಹಾಳೆ ಮಾಡಿ, ಅದರಿಂದ ಉದ್ದನೆಯ ಪಟ್ಟಿಯನ್ನೂ ದುಂಡು ಬಿಲ್ಲೆಗಳನ್ನೂ ಕತ್ತರಿಸಿ, ಪಟ್ಟಿಯನ್ನು ಸುತ್ತಿ ಕೊಳವೆಯಾಗಿ ಜೋಡಿಸುತ್ತಾನೆ. ಆಮೇಲೆ ಎಡಗೈ ಬೆರಳುಗಳನ್ನು ಒಳಗಿಟ್ಟು ಆಸರೆ ಕೊಡುತ್ತ, ಬಲಗೈಯ ತೆಳು ಹಲಗೆಯಿಂದ ಹೊರಗಡೆ ಹಗುರವಾಗಿ ತಟ್ಟುತ್ತ, ಕೊಳವೆಯ ಅಂಚನ್ನು ಕ್ರಮೇಣ ಒಳಕ್ಕೆ ಬಾಗಿಸಿ ಬಿಲ್ಲೆಯಿಂದ ಮುಚ್ಚುತ್ತಾನೆ; ಅದನ್ನು ಮಗುಚಿ ಇನ್ನೊಂದು ಬದಿಯನ್ನೂ ಹಾಗೆಯೇ ಮುಚ್ಚಿದಾಗ ಒಳಗೆ ಗಾಳಿ ತುಂಬಿದ ಪೊಳ್ಳು ಗುಂಡು ಸಿದ್ಧವಾಗುತ್ತದೆ. ತಟ್ಟಿ ಆಕಾರ ತಿದ್ದುವಾಗ ಮಣ್ಣಿನ ಮೈಗೆ ಒಳಗಿನಿಂದ ಆಸರೆಯಾಗುವುದು ಈ ಸೆರೆಗಾಳಿಯೇ. ಇದಾದ ಮೇಲೆ ಕೊರಳು, ಅಡಿಬಳೆ, ಮೂತಿ, ಹಿಡಿಗಳನ್ನು ಅದೇ ಮಣ್ಣಿನ ತೆಳುಕೆಸರಿನಿಂದ ಅಂಟಿಸಿ, ಬಾಯನ್ನು ತೆರೆದು, ಮುಚ್ಚಳವನ್ನು ಹೊಂದಿಸುತ್ತಾರೆ. ಚೌಕಾಕಾರದ ಗಿಂಡಿಗಳಾದರೆ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಮೂಲೆಗಳಲ್ಲಿ ಬೆಸೆದು ನಿಲ್ಲಿಸುತ್ತಾರೆ; ಒಣಗುವಾಗಲೂ ಬೆಂಕಿಯಲ್ಲೂ ಸಮತಟ್ಟಾದ ಗೋಡೆಗಳು ಸೊಟ್ಟಗಾಗುವ ಸಂಭವ ಹೆಚ್ಚಾಗಿರುವುದರಿಂದ ಇದು ಇನ್ನೂ ಕಠಿಣವಾದ ಕೆಲಸ.

ಕೊನೆಯ ಹಂತವೇ ಗಿಂಡಿಗೆ ಜೀವ ತುಂಬುವಂಥದು. ಮಿಂಗ್‌ಝೆನ್ ಎಂಬ, ನೀರಿನಲ್ಲಿ ನೆನೆಸಿ ಮೆದುಮಾಡಿದ ಎಮ್ಮೆಕೊಂಬಿನ ತೆಳುವಾದ ಬಾಗುವ ಪಟ್ಟಿಯಿಂದ ಅರೆಯೊಣಗಿದ ಮೈಯನ್ನು ಮತ್ತೆ ಮತ್ತೆ ಉಜ್ಜಿದಾಗ, ನುಣುಪಾದ ಕಣಗಳು ಮೇಲೆದ್ದು ಒರಟು ಕಣಗಳ ಮೇಲೆ ತೆಳುಪೊರೆಯಾಗಿ ಹರಡುತ್ತವೆ. ಸುಟ್ಟ ಮೇಲೆ ಆ ಪೊರೆಯಡಿಯಿಂದ ಮರಳಿನ ಕಣಗಳು ಮಸುಕಾಗಿ ಕಾಣುವುದು, ಬೆಳಕು ಮೇಲೆ ಬಿದ್ದು ಥಳಥಳಿಸದೆ ಒಳಕ್ಕಿಳಿದಂತೆ ತೋರುವುದು, ಕೈಗೆ ನುಣುಪೂ ತುಸು ತರಿಯೂ ಒಟ್ಟಿಗೆ ಸಿಗುವುದು ಒಳ್ಳೆಯ ಗಿಂಡಿಯ ಲಕ್ಷಣ. ಅತಿಯಾಗಿ ಉಜ್ಜಿದರೆ ಮೈ ಸತ್ತಂತಾಗುತ್ತದೆ, ಕಡಿಮೆಯಾದರೆ ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಮೆರುಗುಲೇಪವಿಲ್ಲದ ಕಾರಣ ಮುಚ್ಚಳವನ್ನು ಗಿಂಡಿಯ ಬಾಯಿಯ ಮೇಲಿಟ್ಟೇ ಸುಡಬಹುದು, ಎರಡೂ ಜೊತೆಯಾಗಿಯೇ ಕುಗ್ಗುತ್ತವೆ; ಯಿಶಿಂಗ್ ಮುಚ್ಚಳಗಳು ಅಷ್ಟು ಬಿಗಿಯಾಗಿ ಕೂರುವುದರ ಗುಟ್ಟು ಇದೇ. ಹಿಂದೆ ಬೆಟ್ಟದ ಇಳಿಜಾರಿನಲ್ಲಿ ಹಾವಿನಂತೆ ಮೇಲೇರುವ ‘ಡ್ರ್ಯಾಗನ್ ಆವಿಗೆ’ಗಳಲ್ಲಿ ಸುಡುತ್ತಿದ್ದರು, ಈಗ ಗ್ಯಾಸ್ ಮತ್ತು ವಿದ್ಯುತ್ ಆವಿಗೆಗಳೇ ಹೆಚ್ಚು.

ಗಿಂಡಿಗಳನ್ನು ಆಕಾರದ ದೃಷ್ಟಿಯಿಂದ ಮೂರು ಕುಲಗಳಾಗಿ ವಿಂಗಡಿಸುವ ರೂಢಿಯಿದೆ. ದುಂಡು ಮತ್ತು ಚೌಕದ ಶುದ್ಧ ಜ್ಯಾಮಿತಿಯ ಆಕಾರಗಳು ಮೊದಲನೆಯ ಕುಲ. ಬುಡದಲ್ಲಿ ಅಗಲವಾಗಿ ಮೇಲಕ್ಕೆ ಕಿರಿದಾಗುವ, ಮೂರು ಕಿರುಗಾಲುಗಳ ಮೇಲೆ ನಿಲ್ಲುವ ಶಿಪಿಯಾವ್, ಮೂತಿಯೂ ಹಿಡಿಯೂ ಸಮತೂಕದಲ್ಲಿರುವ ಶುಯಿಪಿಂಗ್ ಇದಕ್ಕೆ ಸೇರುತ್ತವೆ. ಎರಡನೆಯದು ಮರದ ಗಂಟು, ಹಣ್ಣು, ಹೂವುಗಳನ್ನು ಅನುಸರಿಸಿದ ಆಕಾರಗಳದು. ಕಾಂಗ್‌ಶಿ ಚಕ್ರವರ್ತಿಯ ಕಾಲದ ಚೆನ್ ಮಿಂಗ್‌ಯುವಾನ್ ಮತ್ತು ಇಪ್ಪತ್ತನೆಯ ಶತಮಾನದ ಜಿಯಾಂಗ್ ರೋಂಗ್ ಎಂಬ ಕಲಾವಿದೆ ಇದರಲ್ಲಿ ಹೆಸರಾದವರು. ಮೂರನೆಯದು ಹೂವಿನ ಎಸಳುಗಳಂತೆ ಮೈಯುದ್ದಕ್ಕೂ ಏಣುಗಳಿರುವ ಗಿಂಡಿಗಳ ಕುಲ. ಇವುಗಳ ಮುಚ್ಚಳವನ್ನು ಯಾವ ಎಸಳಿಗೆ ತಿರುಗಿಸಿ ಇಟ್ಟರೂ ಗುಬ್ಬಿಯಿಂದ ಬುಡದವರೆಗೆ ಏಣು ತಪ್ಪದೆ ಕೂಡಬೇಕು, ಮತ್ತು ಈ ಒಂದು ಪರೀಕ್ಷೆಯಲ್ಲಿ ಸೋಲುವ ಗಿಂಡಿಗಳೇ ಬಹಳ.

ಹೊಸಬರು ಸಹಜವಾಗಿ ಎರಡನೆಯ ಕುಲದ ಅಲಂಕಾರಕ್ಕೆ ಮರುಳಾಗುತ್ತಾರೆ. ಆದರೆ ಕಣ್ಣನ್ನು ಪಳಗಿಸಲು ಮೊದಲನೆಯ ಕುಲವೇ ಸರಿಯಾದ ಪಾಠಶಾಲೆ, ಏಕೆಂದರೆ ಅಲ್ಲಿ ತಪ್ಪನ್ನು ಮುಚ್ಚಿಡಲು ಎಲೆಯೂ ಇಲ್ಲ, ಬಳ್ಳಿಯೂ ಇಲ್ಲ. ಗಿಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ಹೊರರೇಖೆಯನ್ನು ಮೂತಿಯ ತುದಿಯಿಂದ ಹಿಡಿಯ ಕೊನೆಯವರೆಗೆ ಒಂದೇ ಎಳೆಯಾಗಿ ಅನುಸರಿಸಬೇಕು: ಮೂತಿಯು ಒಡಲಿನಿಂದ ಚಿಗುರಿದಂತಿದೆಯೋ ತಂದು ಅಂಟಿಸಿದಂತಿದೆಯೋ, ಮುಚ್ಚಳದ ಬಾಗು ಭುಜದ ಬಾಗಿನಲ್ಲಿ ಮುಂದುವರಿಯುತ್ತದೆಯೋ ತುಂಡಾಗುತ್ತದೆಯೋ, ಹಿಡಿಯ ಒಳಗಿನ ಬರಿದು ಜಾಗಕ್ಕೂ ಒಂದು ಚೆಲುವಾದ ಆಕಾರವಿದೆಯೋ ಎಂಬ ಪ್ರಶ್ನೆಗಳು ಆಗ ತಾವಾಗಿ ಏಳುತ್ತವೆ. ಮೇಲಿನಿಂದ ನೋಡಿದಾಗ ಮೂತಿ, ಗುಬ್ಬಿ, ಹಿಡಿ ಒಂದೇ ಸರಳರೇಖೆಯಲ್ಲಿರಬೇಕು. ಮೂತಿಯ ತುದಿ, ಬಾಯಂಚು ಮತ್ತು ಹಿಡಿಯ ಮೇಲ್ತುದಿ ಒಂದೇ ಮಟ್ಟದಲ್ಲಿರಬೇಕೆಂಬ ನಿಯಮವನ್ನು ಮಾರಾಟಗಾರರು ಬಹಳ ಹೇಳುತ್ತಾರಾದರೂ ಅದು ಶುಯಿಪಿಂಗ್‌ನಂಥ ಕೆಲವು ಆಕಾರಗಳಿಗೆ ಮಾತ್ರ ಸಲ್ಲುತ್ತದೆ. ಉಳಿದವನ್ನು ಅದರಿಂದ ಅಳೆಯುವುದು ಅನ್ಯಾಯ. ಇವೆಲ್ಲಕ್ಕೂ ಮಿಗಿಲಾಗಿ ಚೀನೀ ರಸಿಕರು ‘ಚಿ’ ಎಂಬುದನ್ನು, ಅಂದರೆ ಉಸಿರನ್ನು ಒಳಗೆ ತುಂಬಿಕೊಂಡಂತೆ ಒಡಲು ತೋರುವ ಬಿಗುವನ್ನು ಹುಡುಕುತ್ತಾರೆ. ಒಂದೇ ಆಕಾರದ ಹತ್ತು ಗಿಂಡಿಗಳನ್ನು ಸಾಲಾಗಿಟ್ಟು ನೋಡಿದಾಗ ಕೆಲವು ಜೋತುಬಿದ್ದಂತೆಯೂ ಒಂದೆರಡು ಎದ್ದುನಿಂತಂತೆಯೂ ಕಾಣುವುದು ಇದರಿಂದಲೇ, ಮತ್ತು ಇದನ್ನು ಕಲಿಯಲು ಹೋಲಿಸಿ ನೋಡುವುದೊಂದೇ ದಾರಿ.

ಬರಹದ ಚೆಲುವು ಕೆಲವು ಗಿಂಡಿಗಳಿಗೆ ಇನ್ನೊಂದು ಆಯಾಮ ಕೊಡುತ್ತದೆ. ಮಾನ್‌ಶೆಂಗ್ ಎಂದು ಪ್ರಸಿದ್ಧನಾದ ಚೆನ್ ಹೊಂಗ್‌ಶೌ (1768–1822) ಯಿಶಿಂಗ್ ಪಕ್ಕದ ಲಿಯಾಂಗ್‌ನಲ್ಲಿ ಅಧಿಕಾರಿಯಾಗಿದ್ದಾಗ, ಮುದ್ರೆ ಕೆತ್ತುವ ಕಲೆಯಲ್ಲೂ ಲಿಪಿಕಲೆಯಲ್ಲೂ ಪಳಗಿದ್ದ ಆತ ತಾನೇ ಆಕಾರಗಳನ್ನು ಕಲ್ಪಿಸಿ, ಯಾಂಗ್ ಪೆಂಗ್‌ನಿಯೆನ್ ಮೊದಲಾದ ಕುಶಲಕರ್ಮಿಗಳಿಂದ ಮಾಡಿಸಿ, ಆಯಾ ಆಕಾರಕ್ಕೆ ಒಪ್ಪುವ ಮಾತುಗಳನ್ನು ಮೈಮೇಲೆ ಕೆತ್ತಿಸಿದ. ಕುಂಬಾರನೂ ಪಂಡಿತನೂ ಒಂದೇ ಗಿಂಡಿಯ ಮೇಲೆ ಕೂಡಿದ ಈ ಪರಂಪರೆ ಮುಂದೆಯೂ ಬೆಳೆಯಿತು. ಇಪ್ಪತ್ತನೆಯ ಶತಮಾನದ ಅಗ್ರಗಣ್ಯನಾದ ಗು ಜಿಂಗ್‌ಝೌ (1915–1996) 1948ರಲ್ಲಿ ಮಾಡಿದ ಶಿಪಿಯಾವ್ ಗಿಂಡಿಗಳ ಮೇಲೆ ಶಾಂಘೈನ ಪ್ರಸಿದ್ಧ ಚಿತ್ರಕಾರ ವು ಹೂಫಾನ್‌ನ ಕುಂಚದ ಬಿದಿರು ಮೂಡಿದೆ. ಶಿಪಿಯಾವ್‌ನ ರೇಖೆ ಎಷ್ಟು ನಿಖರವಾಗಿರಬಲ್ಲದೆಂಬುದಕ್ಕೆ ಗು ಜಿಂಗ್‌ಝೌನ ಈ ಕೃತಿಗಳೇ ಇಂದಿಗೂ ಅಳತೆಗೋಲು.

ನೋಟದ ಪರೀಕ್ಷೆ ಮುಗಿದ ಮೇಲೆ ನೀರಿನ ಪರೀಕ್ಷೆ. ನೀರು ತುಂಬಿದ ಗಿಂಡಿಯನ್ನು ಎತ್ತಿದಾಗ ತೂಕ ಮಣಿಕಟ್ಟನ್ನು ಎಳೆಯಬಾರದು. ಬಗ್ಗಿಸಿದಾಗ ಧಾರೆ ಚದುರದೆ, ಕವಲೊಡೆಯದೆ, ದುಂಡಾಗಿ ಬಟ್ಟಲಿಗಿಳಿಯಬೇಕು. ನೇರ ಮಾಡಿದ ಕ್ಷಣವೇ ನಿಲ್ಲಬೇಕು, ಹನಿಯೊಂದು ಮೂತಿಯ ಕೆಳಗಡೆ ಹರಿದು ಬರಬಾರದು. ಸುರಿಯುತ್ತಿರುವಾಗ ಮುಚ್ಚಳದ ಗಾಳಿತೂತನ್ನು ಬೆರಳಿನಿಂದ ಮುಚ್ಚಿದರೆ ಧಾರೆ ನಿಂತುಹೋಗುವುದು ಮುಚ್ಚಳದ ಬಿಗಿಗೆ ಸಾಕ್ಷಿ, ಆದರೂ ಹಳೆಯ ಉತ್ತಮ ಗಿಂಡಿಗಳೆಲ್ಲ ಇದರಲ್ಲಿ ಗೆಲ್ಲುತ್ತವೆಂದು ನಿರೀಕ್ಷಿಸಬಾರದು. ಮುಚ್ಚಳದಿಂದ ಬಾಯಂಚನ್ನು ತಟ್ಟಿ ನಾದ ಕೇಳುವ ಚಾಳಿಯನ್ನಂತೂ ಬಿಟ್ಟೇಬಿಡಬೇಕು: ನಾದವು ಮಣ್ಣಿನ ಬಗೆ ಮತ್ತು ಸುಟ್ಟ ಶಾಖಕ್ಕೆ ತಕ್ಕಂತೆ ಬದಲಾಗುವುದರಿಂದ ಅದರಿಂದ ಏನೂ ಸಿದ್ಧವಾಗದು, ಅಂಚು ಚಕ್ಕೆಯೇಳುವುದು ಮಾತ್ರ ನಿಜ.

ಕೈಕೆಲಸದ ಪ್ರಮಾಣವನ್ನು ಗುರುತಿಸುವುದು ಕಠಿಣ. ಪೂರ್ತಿ ಕೈಯಿಂದ ಮಾಡಿದ್ದು, ಮಣ್ಣಿನ ಹಾಳೆಯನ್ನು ಜಿಪ್ಸಮ್ ಅಚ್ಚಿಗೆ ಒತ್ತಿ ಒಡಲನ್ನು ಪಡೆದು ಉಳಿದದ್ದನ್ನು ಕೈಯಿಂದ ಮುಗಿಸಿದ್ದು, ನೀರುಮಣ್ಣನ್ನು ಅಚ್ಚಿಗೆ ಸುರಿದು ತೆಗೆದದ್ದು ಎಂಬ ಮೂರು ಬಗೆಗಳಲ್ಲಿ ಕೊನೆಯದನ್ನು ದೂರವಿಡಬೇಕು. ಅದರ ಒಳಮೈ ಅಸಹಜವಾಗಿ ನಯವಾಗಿರುತ್ತದೆ, ಮೈಯಲ್ಲಿ ಮರಳಿನ ಸುಳಿವೇ ಇರುವುದಿಲ್ಲ. ಮಧ್ಯದ ಬಗೆಯನ್ನು ಕೀಳೆಂದು ಕಾಣಬೇಕಾಗಿಲ್ಲ, ಒಳ್ಳೆಯ ಕೈಗಳಲ್ಲಿ ಅದೂ ಉತ್ತಮವಾದ ಗಿಂಡಿಯೇ ಆಗುತ್ತದೆ, ಆದರೆ ಅದನ್ನು ಪೂರ್ತಿ ಕೈಕೆಲಸದ ಬೆಲೆಗೆ ಮಾರುವುದು ಮೋಸ. ಬುಡದಲ್ಲೂ ಮುಚ್ಚಳದ ಒಳಗೂ ಒತ್ತಿರುವ ಮುದ್ರೆಯನ್ನು ನಂಬಿ ಕೊಳ್ಳುವವರು ಬೇಗ ಕೆಡುತ್ತಾರೆ, ಏಕೆಂದರೆ ಗಿಂಡಿಗಿಂತ ಮುದ್ರೆಯನ್ನು ನಕಲು ಮಾಡುವುದು ಸುಲಭ. ಬಿಸಿನೀರು ಹುಯ್ದಾಗ ರಾಸಾಯನಿಕದ ಇಲ್ಲವೆ ಮೇಣದ ವಾಸನೆ ಬರುವ, ಒದ್ದೆಬಟ್ಟೆಗೆ ಬಣ್ಣ ಬಿಡುವ ಗಿಂಡಿಯನ್ನು ಬಳಸಲೇಬಾರದು.

ಗಿಂಡಿ ಪೂರ್ತಿಯಾಗಿ ಅರಳುವುದು ಬಳಕೆಯಲ್ಲಿ. ಫುಜಿಯಾನ್ ಮತ್ತು ಗುವಾಂಗ್‌ಡಾಂಗ್‌ನ ಚಾವ್‌ಝೌ ಸೀಮೆಯಲ್ಲಿ ಬೆಳೆದ ಗೋಂಗ್‌ಫು ಕ್ರಮದಲ್ಲಿ 100 ಮಿಲಿಲೀಟರ್ ಗಿಂಡಿಗೆ ಸುಮಾರು 5ರಿಂದ 7 ಗ್ರಾಂ ಎಲೆ ಹಾಕಿ, ಕುದಿನೀರು ತುಂಬಿ, ಕೆಲವೇ ಸೆಕೆಂಡುಗಳಲ್ಲಿ ಬಸಿದು, ಅದೇ ಎಲೆಗೆ ಹಲವು ಸಲ ನೀರೆರೆಯುತ್ತ ರುಚಿ ಹಂತಹಂತವಾಗಿ ಬದಲಾಗುವುದನ್ನು ಸವಿಯುತ್ತಾರೆ. ಊಲಾಂಗ್ ಮತ್ತು ಪು-ಎರ್ ಚಹಾಗಳಿಗೆ ಈ ಮಣ್ಣು ಚೆನ್ನಾಗಿ ಒಪ್ಪುತ್ತದೆ, ಕುಡಿಹಸಿರು ಚಹಾಕ್ಕೆ ಗಾಜು ಅಥವಾ ಪಿಂಗಾಣಿಯೇ ಮೇಲು. ಕರ್ನಾಟಕದ ಮನೆಗಳಲ್ಲಿ ಹಾಲು ಸಕ್ಕರೆ ಬೆರೆಸಿ ಕುದಿಸುವ ಚಹಾವನ್ನು ಇದರಲ್ಲಿ ಎಂದೂ ಹಾಕಬಾರದು, ಹಾಲಿನ ಜಿಡ್ಡು ರಂಧ್ರಗಳಲ್ಲಿ ನಿಂತು ಹಳಸುತ್ತದೆ. ತೊಳೆಯಲು ಸೋಪು ಬೇಡ. ಬಿಸಿನೀರಿನಲ್ಲಿ ಜಾಲಿಸಿ, ಮುಚ್ಚಳ ತೆರೆದಿಟ್ಟು ಒಣಗಿಸಿದರೆ ಸಾಕು. ಹೀಗೆ ದಿನವೂ ಬಳಸಿ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರೆ ಮೈಗೆ ಆಳವಾದ ತಿಳಿಹೊಳಪು ಬರುತ್ತದೆ, ಇದನ್ನು ಚೀನೀಯರು ಗಿಂಡಿಯನ್ನು ಸಾಕುವುದು ಎನ್ನುತ್ತಾರೆ. ವರ್ಷಗಟ್ಟಲೆ ಬಳಸಿದ ಗಿಂಡಿಯಲ್ಲಿ ಎಲೆಯಿಲ್ಲದೆ ಬರೀ ನೀರು ಹಾಕಿದರೂ ಚಹಾ ಬರುತ್ತದೆಂಬ ಮಾತು ಅತಿಶಯೋಕ್ತಿ, ಆದರೆ ಒಂದು ಗಿಂಡಿಗೆ ಒಂದೇ ಬಗೆಯ ಚಹಾ ಎಂಬ ಕಟ್ಟಳೆಯನ್ನು ಪಾಲಿಸುವುದು ರುಚಿಗಳು ಕಲಸಿಹೋಗದಿರಲು ನೆರವಾಗುತ್ತದೆ.

ಉತ್ತಮ ಮಾದರಿಗಳನ್ನು ಕಣ್ಣಾರೆ ನೋಡಬಯಸುವವರಿಗೆ ಹಾಂಗ್‌ಕಾಂಗ್‌ನ ಫ್ಲ್ಯಾಗ್‌ಸ್ಟಾಫ್ ಹೌಸ್ ಚಹಾಪಾತ್ರೆ ವಸ್ತುಸಂಗ್ರಹಾಲಯ ಯೋಗ್ಯವಾದ ಸ್ಥಳ. ಸ್ವಂತಕ್ಕೆ ಕೊಳ್ಳುವವರು ಮೊದಲ ಗಿಂಡಿಯಾಗಿ ಜಿನಿ ಮಣ್ಣಿನ, 120ರಿಂದ 150 ಮಿಲಿಲೀಟರ್ ಹಿಡಿಯುವ ಸರಳವಾದ ಶುಯಿಪಿಂಗ್ ಅಥವಾ ಶಿಪಿಯಾವ್ ಒಂದನ್ನು, ಮಾಡಿದವರ ಹೆಸರಿಗೆ ಹಣ ಕೊಡದೆ ಧಾರೆಯನ್ನೂ ಮುಚ್ಚಳವನ್ನೂ ತಾವೇ ಪರೀಕ್ಷಿಸಿ ಆರಿಸಿಕೊಳ್ಳಲಿ, ಮತ್ತು ಅದನ್ನು ಒಂದು ವರ್ಷವಾದರೂ ದಿನವೂ ಬಳಸಿದ ಮೇಲೆಯೇ ಎರಡನೆಯದನ್ನು ಕೊಳ್ಳುವ ಯೋಚನೆ ಮಾಡಲಿ.