ಪ್ರಪಾತವೂ ಬರೆಯೂ

ಕಾಸರಗೋಡಿನ ಕವಿಗೋಷ್ಠಿಗಳಲ್ಲಿ ನಾವು ಬಹುಕಾಲದಿಂದ ಕೇಳುತ್ತ ಬಂದಿರುವ ಕವನಗಳಲ್ಲಿ ಗಿರಿಶಿಖರಗಳಿಗೆ ಬರವಿಲ್ಲ. ಹಿಮಾಚ್ಛಾದಿತ ಶೃಂಗ, ಗಹನ ಕಂದರ, ಭೀಕರ ಪ್ರಪಾತ ಎಲ್ಲವೂ ಅಲ್ಲಿವೆ. ಹಿಮ ಬೀಳದ ನಾಡಿನವನು ಹಿಮವನ್ನು ಕಲ್ಪಿಸಿಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಆದರೆ ಆ ಕವಿಯ ಮನೆಯ ಹಿಂದೆಯೇ ಗುಡ್ಡೆಯಿದೆ, ಗುಡ್ಡೆಯ ಮೇಲೆ ಪದವು ಇದೆ, ಅಂಗಳದ ಮೇಲ್ಬದಿಯಲ್ಲಿ ಬರೆ ಇದೆ. ಇವುಗಳಲ್ಲಿ ಒಂದಾದರೂ ಕವನದೊಳಗೆ ಬಾರದಿರುವುದೇಕೆಂಬುದು ವಿಚಾರಿಸಬೇಕಾದ ವಿಷಯ.

ಇವು ತುಳುವಿನ ಮಾತುಗಳು, ಕೆಲವು ಮಲೆಯಾಳದವು, ಶಿಷ್ಟ ಕನ್ನಡಕ್ಕೆ ಸಲ್ಲವು ಎಂಬ ಆಕ್ಷೇಪವುಂಟು. ತುಳುವಿನ ಪಾದೆ, ಮಲೆಯಾಳದ ಪಾರ, ನಮ್ಮ ಮನೆಮಾತಿನ ಪಾರೆ ಇವುಗಳ ನಡುವೆ ಬೇಲಿ ಹಾಕಬಲ್ಲವರು ಹಾಕಲಿ. ಹಳಗನ್ನಡದಲ್ಲಿ ಬೆಟ್ಟು ಎಂದರೆ ಬೆಟ್ಟವೇ. ನಮ್ಮಲ್ಲಿ ಅದೇ ಮಾತು ಗದ್ದೆಗಿಳಿದಿದೆ: ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಮೇಲಿನದು ಬೆಟ್ಟು. ಇಳಿಜಾರಿನಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆಂಬುದನ್ನು ಒಕ್ಕಲಿಗನು ಮೂರೇ ಮಾತಿನಲ್ಲಿ ಹೇಳಿ ಮುಗಿಸಿದ್ದಾನೆ. ಇದಕ್ಕಿಂತ ಶಿಷ್ಟವಾದ ಭಾಷೆ ಯಾವುದೋ ನಮಗೆ ತಿಳಿಯದು.

ಪದವನ್ನೇ ನೋಡೋಣ. ಮಿಯಾಪದವು, ಬಾಯಾರುಪದವು ಎಂಬ ಹೆಸರುಗಳನ್ನೋದಿದ ಘಟ್ಟದ ಮೇಲಿನವರಿಗೆ ಪದವಿಯ ನೆನಪಾದರೆ ತಪ್ಪಲ್ಲ. ಶಾಲೆಯಲ್ಲಿ ಮಕ್ಕಳು ಬಿಡಿಸುವ ಬೆಟ್ಟಕ್ಕೆ ಚೂಪಾದ ತುದಿಯಿರುತ್ತದೆ, ಎರಡು ತುದಿಗಳ ನಡುವೆ ಸೂರ್ಯನೂ ಇರುತ್ತಾನೆ. ನಮ್ಮ ಗುಡ್ಡೆ ಹತ್ತಿದರೆ ಹೆಚ್ಚಿನ ಕಡೆ ಸಿಗುವುದು ತುದಿಯಲ್ಲ, ಬಯಲು! ಮುರಕಲ್ಲಿನ ಆ ಮಟ್ಟಸವಾದ ನೆತ್ತಿಯೇ ಪದವು. ಬೇಸಗೆಯಲ್ಲಿ ಅದು ಕಪ್ಪಗೆ ಸುಟ್ಟಂತಿರುತ್ತದೆ. ಮಳೆ ಬಿದ್ದೊಡನೆ ತಗ್ಗುಗಳಲ್ಲಿ ನೀರು ನಿಂತು ಪಳ್ಳಗಳಾಗುತ್ತವೆ, ಕಲ್ಲಿನ ಸಂದುಗಳಲ್ಲಿ ಹುಲ್ಲೂ ಹೂವೂ ಏಳುತ್ತವೆ. ಒಳಗಿಳಿದ ನೀರನ್ನೇ ನಮ್ಮವರು ಗುಡ್ಡೆಯ ಮೈಗೆ ಸುರಂಗ ಕೊರೆದು ತೋಟಕ್ಕೆ ತಂದುಕೊಂಡರು. ಮಲಬಾರಿನ ಅಂಗಡಿಪುರದ ಕಲ್ಲನ್ನು ಕಂಡಿದ್ದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅದಕ್ಕೆ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಕಡಿದು ಮನೆ ಕಟ್ಟುವ ಕಲ್ಲೆಂಬುದು ಅವನಿಗೂ ಮುಖ್ಯವಾಗಿತ್ತು. ನಮ್ಮ ಕವಿಗಳಿಗೆ ಮಾತ್ರ ಅದು ಬರಿಯ ಬಂಡೆ.

ಹಿರಿಯರು ಹೀಗೆ ಮಾಡಿದವರಲ್ಲ. 'ಬೆಟ್ಟದ ಜೀವ' (1943) ನಮ್ಮ ನೆರೆಯ ಸುಬ್ರಹ್ಮಣ್ಯದ ಕಡೆಯ ಕಾಡಿನ ಕಥೆ. ಕುಮಾರಪರ್ವತ ಅಲ್ಲಿ ಕಣ್ಣೆದುರಿಗಿದ್ದರೂ ಗೋಪಾಲಯ್ಯನವರ ಬೆವರು ಬಿದ್ದದ್ದು ಕಾಟುಮೂಲೆಯಲ್ಲಿ. ಗುಡ್ಡೆಗಳು ಕೂಡುವೆಡೆಯ ಒಳಭೂಮಿಯನ್ನು ಮೂಲೆಯೆಂದು ಕರೆಯುವ ನಾಡಿನ ಹೆಸರದು. ಕಾರಂತರು ಅದನ್ನು ಗಿರಿಗಹ್ವರವಾಗಿಸಲಿಲ್ಲ. 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಹುಲಿಕಲ್ಲು ನೆತ್ತಿ ಬರುತ್ತದೆ. ಶಿಖರವೆನ್ನುವುದು ಕುವೆಂಪು ಅವರಿಗೆ ತಿಳಿಯದ್ದೇ? ನೆತ್ತಿಯೆಂದಾಗ ಬೆಟ್ಟಕ್ಕೆ ಮೈ ಬರುತ್ತದೆ. ತೀರ್ಥಹಳ್ಳಿಯ ನೆತ್ತಿ ಕನ್ನಡದ ಆಸ್ತಿಯಾಗಬಹುದಾದರೆ ಮಂಜೇಶ್ವರದ ಪದವು ಏಕಾಗಬಾರದು?

ಪ್ರಪಾತವನ್ನೂ ಬರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಷ್ಟ ಎಲ್ಲಿದೆಯೆಂದು ತಿಳಿಯುತ್ತದೆ. ಪ್ರಪಾತ ಮೇಲೆ ನಿಂತು ಕೆಳಗೆ ನೋಡುವವನ ಮಾತು, ಬರೆ ಅದರ ಬುಡದಲ್ಲಿ ಮನೆ ಕಟ್ಟಿಕೊಂಡವನ ಮಾತು. ಮನೆಗೆ, ದಾರಿಗೆ ಜಾಗ ಬೇಕೆಂದು ಗುಡ್ಡೆ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಮೈ ಅದು. ಕೆಲವೆಡೆ ದರೆಯೆಂದೂ ಹೇಳುತ್ತಾರೆ. ಪತ್ರಿಕೆಯವರು ದರೆಗೆ ಮಹಾಪ್ರಾಣ ಕೊಟ್ಟು ಧರೆಯಾಗಿಸಿರುವುದರಿಂದ ಮಳೆಗಾಲದಲ್ಲಿ ಭೂಮಂಡಲವೇ ಕುಸಿಯುತ್ತಿರುತ್ತದೆ. ಇದು ನಗುವ ವಿಷಯ. ನಗಲಾಗದ್ದೂ ಒಂದಿದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಕುನ್ನು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಜರಿದು ಬಿದ್ದಾಗ ನಾವು ಓದಿದ್ದು 'ಗುಡ್ಡ ಕುಸಿತ'. ಗುಡ್ಡ ಕುಸಿಯಿತೆಂದರೆ ಗುಡ್ಡದ ಕೆಲಸವೆಂದಾಯಿತು, ಮಳೆಯ ಕೆಲಸವೆಂದಾಯಿತು. ಹೆದ್ದಾರಿಯ ಅಗಲೀಕರಣಕ್ಕಾಗಿ ಕಡಿದ ಗುಡ್ಡವದು. ಬರೆ ಜರಿಯಿತೆಂದಿದ್ದರೆ, ಕಡಿದವರಾರು, ಎಷ್ಟು ನೆಟ್ಟಗೆ ಕಡಿದರು ಎಂಬ ಪ್ರಶ್ನೆ ಆ ಮಾತಿನೊಳಗೇ ಇರುತ್ತಿತ್ತು.

ಊರಹೆಸರುಗಳ ವಿಷಯವೂ ಇದಕ್ಕೆ ಸೇರಿದ್ದೇ. 2021ರ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಕೆಲವು ಊರುಗಳ ಹೆಸರನ್ನು ಮಲೆಯಾಳಕ್ಕೆ ಬದಲಿಸುತ್ತಾರೆಂಬ ಸುದ್ದಿ ಹಬ್ಬಿ, ಅಂಥ ನಿರ್ಧಾರವಿಲ್ಲವೆಂದು ಕೇರಳ ಸರಕಾರ ಹೇಳಬೇಕಾಯಿತು. ಸುದ್ದಿಯಲ್ಲಿದ್ದ ಪಟ್ಟಿಯಲ್ಲಿ ನೆಲ್ಲಿಕುಂಜ ನೆಲ್ಲಿಕುನ್ನ್ ಆಗುವುದಿತ್ತು, ಪಿಲಿಕುಂಜೆ ಪುಲಿಕುನ್ನ್ ಆಗುವುದಿತ್ತು. ಕುಂಜವೆಂದರೆ ಲತಾಗೃಹವೆಂದೇ ಕಲಿತ ನಮ್ಮ ಪಂಡಿತರಿಗೆ ಅಲ್ಲೊಂದು ಗುಡ್ಡೆಯಿದೆಯೆಂದು ತೋರಿಸಲು ಆ ಪಟ್ಟಿಯೇ ಬರಬೇಕಾಯಿತು. ಪಿಲಿಯೆಂದರೆ ಹುಲಿ, ಹುಲಿಕಲ್ಲಿನ ನೆತ್ತಿಯಂತೆ ನಮ್ಮಲ್ಲಿಯೂ ಹುಲಿಯದೊಂದು ಗುಡ್ಡೆ. ಆ ದಿನಗಳ ಪ್ರತಿಭಟನೆಯ ಕವನಗಳಲ್ಲಿ ನಾವು ಓದಿದಷ್ಟರಲ್ಲಿ ಕನ್ನಡಾಂಬೆಯ ಕಿರೀಟವಿತ್ತು, ಸಹ್ಯಾದ್ರಿಯ ಉತ್ತುಂಗ ಶೃಂಗವಿತ್ತು. ಪಿಲಿಕುಂಜೆಯ ಗುಡ್ಡೆ ಯಾವುದರಲ್ಲಿಯೂ ಇರಲಿಲ್ಲ.