ಹೃದಯದ ಹತ್ತು ಚಿತ್ರಗಳು: ಒಂದು ವಿಮರ್ಶೆ



ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಕ್ರೈಸ್ತರ ಮನೆಗಳಿಗೆ ಹೋದಾಗ ನಾನು ಎರಡು ಬಗೆಯ ಹೃದಯದ ಚಿತ್ರಗಳನ್ನು ಕಂಡಿದ್ದೇನೆ. ಒಂದು, ಗೋಡೆಯ ಮೇಲಿರುವ ಯೇಸುವಿನ ಪವಿತ್ರ ಹೃದಯದ ಪಟ. ಇನ್ನೊಂದು, ಕೈಯಿಂದ ಕೈಗೆ ದಾಟಿ ಅಂಚು ಸವೆದ ಪುಟ್ಟ ಪುಸ್ತಿಕೆ. ಮನುಷ್ಯನ ಹೃದಯವನ್ನು ಹತ್ತು ಚಿತ್ರಗಳಲ್ಲಿ ತೋರಿಸುವ ಈ ಪುಸ್ತಿಕೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ.

ಸಿಂಧನೂರಿನ ಕಡೆಯ ಒಂದು ಕ್ಯಾಂಪಿನಲ್ಲಿ ಭತ್ತದ ಗದ್ದೆಯ ಕೂಲಿಕಾರನೊಬ್ಬ ಈ ಪುಸ್ತಿಕೆಯನ್ನು ನನ್ನ ಮುಂದೆ ಬಿಡಿಸಿಟ್ಟ. ತಪಸ್ಸು ಕಾಲದಲ್ಲಿ ಕುಡಿತ ಬಿಟ್ಟು, ಕೆಲವು ತಿಂಗಳು ಗೆದ್ದು, ಒಂದು ಮದುವೆಯ ಮನೆಯಲ್ಲಿ ಮತ್ತೆ ಬಿದ್ದವನು ಆತ. “ನಾ ಏಳನೇ ಚಿತ್ರದಾಗ ಅದೀನ್ರೀ ಫಾದರ್. ಇನ್ನ ಎಂಟನೇದೊಂದೇ ಉಳಿದೈತಿ” ಎಂದ. ಏಳನೆಯದು ಪಾಪಕ್ಕೆ ಮರಳಿದವನ ಹೃದಯ. ಎಂಟನೆಯದು ಪಾಪಿಯ ಮರಣ. ಅಂದಿನಿಂದ ಈ ಪುಸ್ತಿಕೆಯನ್ನು ವಿಮರ್ಶೆಯ ಕಣ್ಣಿನಿಂದ ಓದುವುದು ನನಗೆ ಕರ್ತವ್ಯವಾಗಿ ತೋರಿತು.

ಇದರ ಬೇರು ನಮ್ಮ ಧರ್ಮಸಭೆಯಲ್ಲೇ ಇದೆ ಎಂಬುದು ಹಲವರಿಗೆ ತಿಳಿದಿರಲಾರದು. 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಮಿಷೆಲ್ ಲೆ ನೊಬ್ಲೆ ಎಂಬ ಗುರುಗಳು ಅಕ್ಷರ ಬಾರದ ರೈತರಿಗೆ, ಮೀನುಗಾರರಿಗೆ ಚಿತ್ರಪಟಗಳ ಮೂಲಕ ಧರ್ಮೋಪದೇಶ ಮಾಡಿದರು. ಯೇಸುಸಭೆಯ ವಿನ್ಸೆಂಟ್ ಯುಬಿ ಅವರು ಹೃದಯದ ಚಿತ್ರಗಳನ್ನು ಬಳಸಿದರು. ಆ ಪರಂಪರೆಯ ಚಿತ್ರಗಳನ್ನು ಜರ್ಮನಿಯ ಯೋಹಾನ್ನೆಸ್ ಗೋಸ್ನರ್ 1812ರಲ್ಲಿ ಪುಸ್ತಕವಾಗಿ ಹೊರತಂದರು. ಆಗ ಅವರು ಕಥೋಲಿಕ ಗುರುಗಳು. 1826ರಲ್ಲಿ ಪ್ರೊಟೆಸ್ಟೆಂಟ್ ಸಭೆಗೆ ಸೇರಿದರು. ಛೋಟಾನಾಗಪುರದಲ್ಲಿ ಸೇವೆ ಸಲ್ಲಿಸಿದ ಗೋಸ್ನರ್ ಮಿಷನ್ ಅವರದೇ ಸ್ಥಾಪನೆ. 20ನೆಯ ಶತಮಾನದಲ್ಲಿ ದಕ್ಷಿಣ ಆಫ್ರಿಕದಲ್ಲಿ ಜೆ. ಆರ್. ಗ್ಷ್ವೆಂಡ್ ಎಂಬ ಬೋಧಕರು ಪರಿಷ್ಕರಿಸಿದ ರೂಪವು ಅನೇಕ ಭಾಷೆಗಳಿಗೆ ಹೋಯಿತು.

ಮೊದಲ ಚಿತ್ರದಲ್ಲಿ ಹೃದಯದೊಳಗೆ ಏಳು ಪ್ರಾಣಿಗಳಿವೆ. ನವಿಲು ಅಹಂಕಾರ, ಆಡು ಕಾಮ, ಹಂದಿ ಹೊಟ್ಟೆಬಾಕತನ, ಆಮೆ ಸೋಮಾರಿತನ, ಚಿರತೆ ಕೋಪ, ಹಾವು ಅಸೂಯೆ, ಕಪ್ಪೆ ಲೋಭ. ಸಂತ ಗ್ರೆಗೋರಿ ಜಗದ್ಗುರುಗಳ ಕಾಲದಿಂದ ಬಂದ ಮೂಲಪಾಪಗಳ ಎಣಿಕೆಯೇ ಇಲ್ಲಿ ಪ್ರಾಣಿರೂಪ ತಾಳಿದೆ. ಇದರ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ಮನುಷ್ಯನನ್ನು ಕೆಡಿಸುವುದು ಹೊರಗಿನ ಅನ್ನ, ಮೈಲಿಗೆ, ಮುಟ್ಟುಗಳಲ್ಲ, ಒಳಗಿನಿಂದ ಹೊರಡುವ ದುರಾಲೋಚನೆಗಳು ಎಂದು ಪ್ರಭುವು ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಬೋಧಿಸಿದರು. ಈ ಸತ್ಯವನ್ನು ಅಕ್ಷರ ಬಾರದ ಅಜ್ಜಿಗೂ ಮುಟ್ಟಿಸಿದ ಶ್ರೇಯಸ್ಸು ಈ ಚಿತ್ರಗಳದು.

ಆದರೆ ಈ ಪ್ರಾಣಿಗಳು ಯುರೋಪಿನ ಹಳೆಯ ಕಲ್ಪನೆಯಿಂದ ಬಂದವು. ಲಿಂಗಸುಗೂರಿನ ಒಣಭೂಮಿಯಲ್ಲಿ ಆಡು ಬಡವನ ಬದುಕಿನ ಆಸರೆ. ಹಂದಿ ಸಾಕಿ ಬಾಳುವ ಕುಟುಂಬಗಳು ನಮ್ಮ ನೆರೆಯಲ್ಲಿವೆ. ಮಳೆ ಬಾರದಾಗ ಕಪ್ಪೆಗಳ ಮದುವೆ ಮಾಡುವ ಜನ ನಾವು. ಬಡವನ ಕೊಟ್ಟಿಗೆಯ ಪ್ರಾಣಿಯನ್ನು ಪಾಪದ ಗುರುತಾಗಿ ತೋರಿಸಿದರೆ ಅವನ ಮಗು ಪಾಠಕ್ಕಿಂತ ಮೊದಲು ಅವಮಾನವನ್ನೇ ಕಲಿಯಬಹುದು. ದುಡಿಮೆಗಾಗಿ ಗುಳೆ ಹೋಗುವವನ ಹೃದಯದಲ್ಲಿ ಸೋಮಾರಿತನದ ಆಮೆಯನ್ನು ಹುಡುಕುವ ಮುನ್ನ, ಅವನ ಕೂಲಿಯನ್ನು ಹಿಡಿದಿಟ್ಟವನ ಹೃದಯದ ಕಪ್ಪೆಯನ್ನೂ ನಾವು ನೋಡಬೇಡವೇ?

ಎರಡನೆಯ ಕೊರತೆ ಇನ್ನೂ ಆಳವಾದುದು. ಪುಸ್ತಿಕೆಯ ಹೃದಯ ಒಮ್ಮೆ ಪ್ರಾಣಿಗಳ ಗೂಡು, ಇನ್ನೊಮ್ಮೆ ದೇವಾಲಯ. ಸಂತ ಮಕಾರಿಯಸರ ಹೆಸರಿನಲ್ಲಿ ಉಳಿದುಬಂದ ಪ್ರಾಚೀನ ಪ್ರಬೋಧನೆಗಳು ಹೃದಯವನ್ನು ಚಿಕ್ಕ ಪಾತ್ರೆಗೆ ಹೋಲಿಸುತ್ತವೆ. ಅಲ್ಲಿ ಘಟಸರ್ಪಗಳೂ ಸಿಂಹಗಳೂ ಇವೆ; ಅಲ್ಲೇ ದೇವರೂ ದೇವದೂತರೂ ಇದ್ದಾರೆ. ಒಂದೇ ಹೃದಯದಲ್ಲಿ ಎರಡೂ! ಭತ್ತದ ನಾಡಿನ ನಮಗೆ ಇದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತಕ್ಕೂ ಹರಿಯುತ್ತದೆ, ಭತ್ತದಂತೆಯೇ ಕಾಣುವ ಕಳೆಗೂ ಹರಿಯುತ್ತದೆ. ಕಳೆ ಕಂಡಿತೆಂದು ಯಾವ ರೈತನೂ ಗದ್ದೆಯನ್ನು ಪಾಳು ಬಿಡುವುದಿಲ್ಲ. ಗೋಧಿ ಮತ್ತು ಕಳೆಯ ಸಾಮತಿಯಲ್ಲಿ ಯಜಮಾನನ ತಾಳ್ಮೆಯನ್ನು ಪ್ರಭುವು ತೋರಿಸಿದ್ದು ಇದಕ್ಕಾಗಿಯೇ.

ಮೊದಲ ಚಿತ್ರದಲ್ಲಿ ಮನಸ್ಸಾಕ್ಷಿಯ ಗುರುತಾಗಿ ಮಂಕಾದ ನಕ್ಷತ್ರವೊಂದಿದೆ. ಪ್ರಾಣಿಗಳ ಗದ್ದಲದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮನಸ್ಸಾಕ್ಷಿಯನ್ನು ಮನುಷ್ಯನ ಅಂತರಂಗದ ಪವಿತ್ರ ಸ್ಥಾನವೆಂದು, ಅವನು ದೇವರೊಡನೆ ಏಕಾಂತದಲ್ಲಿರುವ ಗರ್ಭಗುಡಿಯೆಂದು ಕಂಡಿತು. ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರಿನಿಂದ ಸಿಗುವ ಬಂಗಾರ ಕೆಲವೇ ಗ್ರಾಂ. ಆದರೂ ಆ ಕಲ್ಲನ್ನು ಯಾರೂ ಬರಿಯ ಕಲ್ಲೆಂದು ಎಸೆಯುವುದಿಲ್ಲ. ಪಾಪಿಯಲ್ಲಿಯೂ ಅಳಿಯದ ದೇವರ ಸ್ವರೂಪವನ್ನು ತೋರಿಸದ ಚಿತ್ರ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಮೂರನೆಯದು ಆ ಕೂಲಿಕಾರನ ಸಂಕಟ. ಬಿಟ್ಟು ಹೋದ ಅಶುದ್ಧಾತ್ಮ ಏಳು ಸಂಗಡಿಗರೊಡನೆ ಮರಳುವ ಶುಭಸಂದೇಶದ ಮಾತು ಏಳನೆಯ ಚಿತ್ರದ ಹಿಂದಿದೆ. ಆ ಎಚ್ಚರಿಕೆ ನಿಜ. ಪುಸ್ತಿಕೆಯ ಬರಹದಲ್ಲಿ ಪಶ್ಚಾತ್ತಾಪದ ಕರೆಯೂ ಇದೆ. ಆದರೆ ಓದಲು ಬಾರದವನು ಕಾಣುವುದು ಚಿತ್ರಗಳ ಸಾಲನ್ನು ಮಾತ್ರ: ಏಳರ ಮುಂದೆ ಎಂಟು, ಬೀಳುವಿಕೆಯ ಮುಂದೆ ನಾಶ. ಬ್ರಿಟನಿಯಲ್ಲಿ ಚಿತ್ರದ ಪಕ್ಕದಲ್ಲಿ ಬೋಧಕನೊಬ್ಬ ಕೋಲು ಹಿಡಿದು ನಿಂತು ವಿವರಿಸುತ್ತಿದ್ದ. ಅನಂತರ ಪಾಪನಿವೇದನೆಯ ಪೀಠವಿತ್ತು. ನಮ್ಮಲ್ಲಿ ಪುಸ್ತಿಕೆ ಉಳಿಯಿತು, ಬೋಧಕ ಕಾಣೆಯಾದ. ಮೂರು ಸಲ ಪ್ರಭುವನ್ನು ಅಲ್ಲಗಳೆದ ಪೇತ್ರನಿಗೆ ಸರೋವರದ ದಡದಲ್ಲಿ ದೊರೆತ ಮರುಕರೆಗೆ ಈ ಹತ್ತರಲ್ಲಿ ಒಂದು ಚಿತ್ರವಿಲ್ಲ.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಕ್ರೈಸ್ತ ಬರಹವಲ್ಲ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಗುರುತಿಸಿದರು. ಧರ್ಮದ ಗುರಿ ದೊಡ್ಡವರಿಗಷ್ಟೇ ದಕ್ಕುವುದೆಂದು ಭಾವಿಸಬಾರದು, ಸಾಮಾನ್ಯನೂ ಅದನ್ನು ಮುಟ್ಟಬಲ್ಲ ಎಂಬ ಆಶಯ ಅದರಲ್ಲಿದೆ. ನಮ್ಮ ನೆಲದ ಕಲ್ಲೇ ಹೀಗೆ ಸಾರುತ್ತಿರುವಾಗ, ಕೃಪೆಯನ್ನು ನಂಬುವ ನಾವು ಒಬ್ಬ ಕೂಲಿಕಾರನಿಗೆ ಬಾಗಿಲು ಮುಚ್ಚಿದೆ ಎನ್ನಬಹುದೇ?

ಅಂದು ನಾನು ಪುಸ್ತಿಕೆಯನ್ನು ಮಡಚಿ, ಗೋಡೆಯ ಪಟವನ್ನು ನೋಡೆಂದೆ. ಮುಳ್ಳು ಸುತ್ತಿದ, ಈಟಿಯಿಂದ ತೆರೆದ ಆ ಹೃದಯದಲ್ಲಿ ಮುಚ್ಚುವ ಕದವಿಲ್ಲ. ಜಗದ್ಗುರು ಫ್ರಾನ್ಸಿಸರು 2024ರ ಅಕ್ಟೋಬರ್ 24ರಂದು ಹೊರಡಿಸಿದ ತಮ್ಮ ಕೊನೆಯ ವಿಶ್ವಪತ್ರದಲ್ಲಿ ನಮ್ಮನ್ನು ಮರಳಿ ಹೃದಯದತ್ತ ಕರೆದು, ಆ ಪವಿತ್ರ ಹೃದಯದ ಎದುರೇ ನಿಲ್ಲಿಸಿದರು. ಆತ ಇಂದಿಗೂ ಹೋರಾಡುತ್ತಿದ್ದಾನೆ. ಕುಡಿಯದ ದಿನಗಳನ್ನು ಬೆರಳೆಣಿಸಿ ನನಗೆ ಹೇಳುತ್ತಾನೆ.

ಆದ್ದರಿಂದ ಉಪದೇಶಿಗಳಲ್ಲಿ, ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಪುಸ್ತಿಕೆಯನ್ನು ಎಸೆಯಬೇಡಿ, ಮಕ್ಕಳ ಕೈಗೆ ಒಂಟಿಯಾಗಿ ಕೊಡಲೂ ಬೇಡಿ. ಪಕ್ಕದಲ್ಲಿ ಕುಳಿತು ಓದಿರಿ. ಮೊದಲು ಆ ಮಂಕಾದ ನಕ್ಷತ್ರವನ್ನು ತೋರಿಸಿರಿ. ಏಳನೆಯ ಪುಟ ಬಂದಾಗ ಅಲ್ಲೇ ನಿಲ್ಲಿಸಿ, ಪೇತ್ರನ ಕಥೆಯನ್ನು ಹೇಳಿರಿ.